ಕಿಟ್ ಕೊಟ್ಟ ಮೇಲಿನ ಕೆಲಸ

ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್‌ನ) ಸಮಾಜಸೇವೆ ಬಗ್ಗೆ ಬಂದ ಪತ್ರಗಳಿಗೆ ಈ ತಿಂಗಳ ಉತ್ತರಗಳು. ಉತ್ತರಿಸುವವರು ಬೆಳಗಾವಿಯವರು. ಕಂದಾಯ ಇಲಾಖೆಯಲ್ಲಿ ಗುಮಾಸ್ತೆಯಾಗಿ ದುಡಿದು ನಿವೃತ್ತರಾದವರು. ಈಗ ತಮ್ಮ ಧರ್ಮಕೇಂದ್ರದ ಸೇವಾ ಸಮಿತಿಯಲ್ಲಿದ್ದಾರೆ.

ಪ್ರಶ್ನೆ: ಅಕ್ಕಾವ್ರೆ, ನಮ್ಮ ಧರ್ಮಕೇಂದ್ರದಲ್ಲಿ ಪ್ರತಿ ಕ್ರಿಸ್ಮಸ್‌ಗೆ ಬಡವರಿಗೆ ಕಿಟ್ ಹಂಚುತ್ತೇವೆ. ಅಕ್ಕಿ, ಬೇಳೆ, ಎಣ್ಣೆ, ಒಂದು ಸೀರೆ. ವರ್ಷ ವರ್ಷವೂ ಅವರೇ ಬರುತ್ತಾರೆ. ಯಾರ ಮನೆಯೂ ಸುಧಾರಿಸಿದ ಹಾಗೆ ಕಾಣುವುದಿಲ್ಲ. ನಿಲ್ಲಿಸೋಣ ಅಂದರೆ ಮನಸ್ಸು ಒಪ್ಪುವುದಿಲ್ಲ. ಏನು ಮಾಡಬೇಕು?
— ಓದುಗರೊಬ್ಬರು, ಖಾನಾಪುರ ತಾಲೂಕು

ಉತ್ತರ: ನಿಲ್ಲಿಸಬೇಡಿ ಅಣ್ಣಾ. ಹಬ್ಬದ ದಿನ ಒಂದು ಮನೆಯಲ್ಲಿ ಒಲೆ ಉರಿಯಲಿ ಅಂತ ಬಯಸುವುದರಲ್ಲಿ ಯಾವ ತಪ್ಪೂ ಇಲ್ಲ. ಆದರೆ ಈ ಸಲ ಕಿಟ್ ತೆಗೆದುಕೊಳ್ಳಲು ಅವರನ್ನು ಚರ್ಚ್ ಅಂಗಳಕ್ಕೆ ಕರೆಯಬೇಡಿ. ನೀವೇ ಅವರ ಮನೆಗೆ ಹೋಗಿ. ಇಬ್ಬಿಬ್ಬರು ಹೋಗಿ, ಸ್ವಲ್ಪ ಹೊತ್ತು ಕೂತು ಮಾತಾಡಿ. ಫೋಟೊ ಬೇಡ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ಕಿಟ್‌ಗೆ ಸಾಲಿನಲ್ಲಿ ನಿಂತವರ ಕಷ್ಟ ಸಾಲಿನಲ್ಲಿ ಗೊತ್ತಾಗುವುದಿಲ್ಲ. ನಮ್ಮಲ್ಲಿ ಒಬ್ಬ ಅಜ್ಜಿ ಇದ್ದಾರೆ. ಪ್ರತಿ ಕ್ರಿಸ್ಮಸ್‌ಗೂ ಬರುತ್ತಿದ್ದರು. ಮನೆಗೆ ಹೋದಾಗ ತಿಳಿಯಿತು, ಅಕ್ಕಿಗೆ ಅವರಿಗೆ ಕೊರತೆಯೇ ಇರಲಿಲ್ಲ. ರೇಷನ್ ಅಂಗಡಿಯಿಂದ ಅಕ್ಕಿ ಬರುತ್ತಿತ್ತು. ಬೇಕಾಗಿದ್ದು ಜೋಳ ಮತ್ತು ಬಿಪಿ ಗುಳಿಗೆಗೆ ದುಡ್ಡು. ಸಂಧ್ಯಾ ಸುರಕ್ಷಾ ಪಿಂಚಣಿ ಮೊದಲು ಬರುತ್ತಿತ್ತು, ಯಾವಾಗಲೋ ನಿಂತಿತ್ತು. ಯಾಕೆ ನಿಂತಿತು ಅಂತ ಯಾರೂ ಕೇಳಿರಲಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಸರಿಯಾಗಿ ಜೋಡಣೆಯಾಗಿರಲಿಲ್ಲ, ಅಷ್ಟೇ. ಆ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ನಮ್ಮ ಕಿಟ್ ವರ್ಷಕ್ಕೊಮ್ಮೆ. ಲೆಕ್ಕ ನೀವೇ ಹಾಕಿ.

ಲೋಕದ ಕಥೋಲಿಕ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್‌ನಲ್ಲಿ ಜನಸಾಮಾನ್ಯ ವಿಶ್ವಾಸಿಗಳ ಪ್ರೇಷಿತ ಕಾರ್ಯದ (ಶುಭಸಂದೇಶ ಸಾರುವ ಸೇವೆಯ) ಬಗ್ಗೆ ಒಂದು ಆಜ್ಞಾಪತ್ರ ಹೊರಡಿಸಿತು. ಅದರ 8ನೇ ಪರಿಚ್ಛೇದವನ್ನು ನಮ್ಮ ಸಮಿತಿಯ ಸಭೆಯಲ್ಲಿ ನಾನು ಮತ್ತೆ ಮತ್ತೆ ಓದಿಸುತ್ತೇನೆ. ಮೊದಲು ನ್ಯಾಯ ಸಲ್ಲಬೇಕು, ಒಬ್ಬರಿಗೆ ನ್ಯಾಯವಾಗಿ ಬರಬೇಕಾದದ್ದನ್ನು ದಾನ ಅಂತ ಕೊಡಬಾರದು ಎನ್ನುತ್ತದೆ ಅದು. ಕಷ್ಟದ ಪರಿಣಾಮದ ಜೊತೆಗೆ ಅದರ ಕಾರಣವನ್ನೂ ತೆಗೆಯಬೇಕು. ಸಹಾಯ ಪಡೆದವರು ನಿಧಾನವಾಗಿ ಸ್ವಂತ ಕಾಲ ಮೇಲೆ ನಿಲ್ಲುವ ಹಾಗೆ ಸಹಾಯ ಇರಬೇಕು. ಈ ಮೂರು ಮಾತನ್ನು ನಿಮ್ಮ ಕಿಟ್‌ನ ಪಟ್ಟಿ ಪಕ್ಕದಲ್ಲಿಟ್ಟು ನೋಡಿ. ಪಟ್ಟಿಯಲ್ಲಿರುವ ಪ್ರತಿ ಮನೆಯ ಮುಂದೆ ಇನ್ನೊಂದು ಕಾಲಂ ಹಾಕಿ: ಇವರಿಗೆ ಬರಬೇಕಾದದ್ದು ಏನು ಬಂದಿಲ್ಲ? ರೇಷನ್ ಕಾರ್ಡ್, ಪಿಂಚಣಿ, ಗೃಹಲಕ್ಷ್ಮಿ, ಮಗುವಿನ ವಿದ್ಯಾರ್ಥಿವೇತನ, ದುಡಿದ ಕೂಲಿ. ಮುಂದಿನ ಕ್ರಿಸ್ಮಸ್ ತನಕ ಮಾಡುವ ಕೆಲಸ ಆ ಕಾಲಂನಲ್ಲಿ ಸಿಗುತ್ತದೆ.

2019ರ ಆಗಸ್ಟ್‌ನ ನೆರೆ ನಿಮಗೆ ನೆನಪಿರಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಊರೂರಿಂದ ರೊಟ್ಟಿ ಗಂಟು ಬಂದವು, ಬಟ್ಟೆ ಬಂದವು. ಜನ ಎದೆ ಬಿಚ್ಚಿ ಕೊಟ್ಟರು. ಅದು ನಮ್ಮ ಭಾಗದ ಜನರ ದೊಡ್ಡ ಗುಣ. ಆದರೆ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿದ ಮೇಲೆ, ತಮ್ಮ ಮನೆ ಯಾವ ವರ್ಗಕ್ಕೆ ಸೇರಿತು, ಯಾಕೆ ಸೇರಿತು ಅಂತ ತಿಳಿಯದೆ ಎಷ್ಟೋ ಜನ ಒದ್ದಾಡಿದರು. ಆಗ ಬೇಕಾಗಿದ್ದವರು ಕಾಗದ ಓದಿ ಹೇಳುವವರು, ಜೊತೆಗೆ ಕಚೇರಿಗೆ ಬರುವವರು. ರೊಟ್ಟಿ ಕೊಟ್ಟವರು ಆ ಹೊತ್ತಿಗೆ ಮನೆಗೆ ಹೋಗಿಯಾಗಿತ್ತು.

ಪ್ರಶ್ನೆ: ನಾವು ಯುವಕರು ಕೊಳೆಗೇರಿಯ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುತ್ತೇವೆ. ಇತ್ತೀಚೆಗೆ ಕೆಲವರು ಬಂದು 'ಮತಾಂತರ ಮಾಡಾಕ ಬಂದೀರೇನು' ಅಂತ ಕೇಳಿದರು. ಮನೆಯವರು ಹೆದರಿ ಹೋಗಬೇಡ ಅನ್ನುತ್ತಾರೆ. ಬಿಟ್ಟುಬಿಡುವುದಾ?
— ವಿಜಯಪುರದ ಯುವಕ

ಉತ್ತರ: ತಮ್ಮಾ, ಆ ಪ್ರಶ್ನೆಗೆ ಸಿಟ್ಟಾಗಬೇಡ. ಉತ್ತರ ನಮ್ಮಲ್ಲೇ ಸ್ಪಷ್ಟವಾಗಿದೆ. ಪೋಪ್ ಹದಿನಾರನೇ ಬೆನೆಡಿಕ್ಟರು 2005ರಲ್ಲಿ ಬರೆದ ಮೊದಲ ವಿಶ್ವಪರಿಪತ್ರದಲ್ಲೇ (ಪೋಪರು ಇಡೀ ಧರ್ಮಸಭೆಗೆ ಬರೆಯುವ ಪತ್ರ) ಇದನ್ನು ಹೇಳಿದ್ದಾರೆ. ಪ್ರೀತಿಯ ಸೇವೆಯನ್ನು ಮತಾಂತರದ ದಾರಿಯಾಗಿ ಬಳಸಬಾರದು. ಪ್ರೀತಿ ಉಚಿತ, ಬೇರೆ ಏನನ್ನೋ ಸಾಧಿಸುವುದಕ್ಕೆ ಅದನ್ನು ಮಾಡುವುದಲ್ಲ. ಧರ್ಮಸಭೆಯ ಹೆಸರಲ್ಲಿ ಸೇವೆ ಮಾಡುವವರು ಯಾರ ಮೇಲೂ ತಮ್ಮ ವಿಶ್ವಾಸ ಹೇರುವುದಿಲ್ಲ. ಇದು ನಮ್ಮ ಧರ್ಮಸಭೆಯದೇ ನಿಯಮ. ಯಾರಿಗೋ ಹೆದರಿ ಒಪ್ಪಿಕೊಂಡ ಷರತ್ತು ಅಂತ ತಿಳಿಯಬೇಡ.

ಹಾಗಾಗಿ ಪಾಠದ ಜಾಗದಲ್ಲಿ ಪಾಠ ಮಾತ್ರ ಇರಲಿ. ಪ್ರಾರ್ಥನೆಯ ಚೀಟಿ, ಜಪಸರ, ಕ್ಯಾಲೆಂಡರ್ ಏನೂ ಹಂಚಬೇಡಿ. ಬಾಗಿಲು ತೆರೆದಿಟ್ಟು ಪಾಠ ಮಾಡಿ. ಪ್ರತಿ ಮಗುವಿನ ತಾಯಿ ಅಥವಾ ತಂದೆಯ ಒಪ್ಪಿಗೆ ಬರೆಸಿಕೊಳ್ಳಿ. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಅದೇ ಓಣಿಯ ಹಿಂದೂ, ಮುಸ್ಲಿಂ ಹುಡುಗ ಹುಡುಗಿಯರನ್ನು ನಿಮ್ಮ ಜೊತೆ ಪಾಠ ಹೇಳಲು ಕರೆಯಿರಿ. ಅವರು ಬಂದರೆ ನಿಮ್ಮ ಕೆಲಸಕ್ಕೆ ಬಲ ಜಾಸ್ತಿ.

ನಿಮ್ಮ ಜಿಲ್ಲೆಯಲ್ಲೇ ಬಸವನ ಬಾಗೇವಾಡಿ ಇದೆ. ದಾಸೋಹಕ್ಕೆ ಕೂತವರ ಜಾತಿ ಕೇಳಬಾರದು ಅನ್ನುವುದನ್ನು ಈ ಮಣ್ಣಿನ ಜನರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ನಿಮ್ಮನ್ನು ಪ್ರಶ್ನೆ ಕೇಳಿದವರನ್ನೂ ಒಂದು ಸಂಜೆ ಪಾಠ ನೋಡಲು ಕರೆದುಬಿಡಿ. ಆದರೆ ಬೆದರಿಕೆ ಹಾಕಿದರೆ ಒಬ್ಬೊಬ್ಬರೇ ಎದುರಿಸಲು ಹೋಗಬೇಡಿ. ಗುರುಗಳಿಗೆ (ಫಾದರ್‌ಗೆ) ತಿಳಿಸಿ, ಹಿರಿಯರನ್ನು ಕರೆದುಕೊಂಡು ಠಾಣೆಗೆ ಲಿಖಿತವಾಗಿ ಕೊಡಿ. ಮನೆಯವರ ಭಯವನ್ನು ಹಗುರಾಗಿ ತೆಗೆದುಕೊಳ್ಳಬೇಡ. ಅವರಲ್ಲೂ ಒಬ್ಬರನ್ನು ಪಾಠಕ್ಕೆ ಜೊತೆಗೆ ಕರೆದುಕೊಂಡು ಹೋಗು.

ಪ್ರಶ್ನೆ: ನಮ್ಮ ಕಡೆ ಕಬ್ಬಿನ ಹಂಗಾಮು ಶುರುವಾಗಿದೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರದ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗ್‌ನವರು ಬಂದು ಹೊಲದ ಬದಿಗೆ ಗುಡಿಸಲು ಹಾಕಿದ್ದಾರೆ. ಚಳಿ ಇದೆ. ಸಣ್ಣ ಮಕ್ಕಳಿದ್ದಾರೆ. ಧರ್ಮಕೇಂದ್ರದಿಂದ ಕಂಬಳಿ ಕೊಡಬೇಕಂತಿದ್ದೇವೆ. ಅಷ್ಟು ಸಾಕಾ?
— ಓದುಗರು, ಅಥಣಿ

ಉತ್ತರ: ಕಂಬಳಿ ಕೊಡಿ. ತಡ ಮಾಡಬೇಡಿ, ಚಳಿ ನಿಮ್ಮ ಸಭೆಯ ತಾರೀಖಿಗೆ ಕಾಯುವುದಿಲ್ಲ. ಸಾಕಾ ಅಂತ ಕೇಳಿದ್ದೀರಲ್ಲ, ಅದಕ್ಕೆ ಉದ್ದ ಉತ್ತರ ಬರೆಯುತ್ತೇನೆ. ಈ ಜನರ ಬಗ್ಗೆ ಯಾರೂ ನಮ್ಮನ್ನು ಕೇಳುವುದೇ ಇಲ್ಲ.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಇರುವಷ್ಟು ಸಕ್ಕರೆ ಕಾರ್ಖಾನೆ ರಾಜ್ಯದಲ್ಲಿ ಬೇರೆಲ್ಲೂ ಇಲ್ಲ. ಅವು ನಡೆಯುವುದು ಇವರ ಕೈಯಿಂದ. ಗಂಡ ಹೆಂಡತಿ ಸೇರಿ ಒಂದು ಜೋಡಿ, ಅದಕ್ಕೆ ಒಂದು ಕೊಯ್ತಾ (ಕುಡುಗೋಲು) ಅನ್ನುತ್ತಾರೆ. ಕೂಲಿ ಟನ್ ಲೆಕ್ಕದಲ್ಲಿ. ಹಂಗಾಮಿಗೆ ಮೊದಲೇ ಗ್ಯಾಂಗ್ ಕರೆತರುವ ಗುತ್ತಿಗೆದಾರ ಮುಕಾದಮನಿಂದ ಮುಂಗಡ ತೆಗೆದುಕೊಂಡಿರುತ್ತಾರೆ. ಆ ಹಣ ಮಗಳ ಮದುವೆಗೋ ಆಸ್ಪತ್ರೆಗೋ ಖರ್ಚಾಗಿರುತ್ತದೆ. ತೀರುವ ತನಕ ಕಡಿಯಬೇಕು. ಹಂಗಾಮು ಮುಗಿದಾಗಲೂ ಬಾಕಿ ಉಳಿದರೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಜ್ವರ ಬಂದು ಒಬ್ಬರು ಮಲಗಿದರೆ ಇಬ್ಬರ ಕೂಲಿಯೂ ಹೋಗುತ್ತದೆ.

13ನೇ ಲಿಯೋ ಪೋಪರು 1891ರ ಮೇ 15ರಂದು ಕಾರ್ಮಿಕರ ಬಗ್ಗೆ ವಿಶ್ವಪರಿಪತ್ರ ಬರೆದರು. ಕಥೋಲಿಕ ಸಾಮಾಜಿಕ ಬೋಧನೆ ಅಂತ ನಾವು ಇಂದು ಹೇಳುವುದು ಅಲ್ಲಿಂದ ಶುರು. ಬೇರೆ ದಾರಿ ಇಲ್ಲದೆ, ಅಥವಾ ಇದಕ್ಕಿಂತ ಕೆಟ್ಟದ್ದು ಬಂದೀತು ಅಂತ ಹೆದರಿ, ಕೂಲಿಕಾರ ಕಠಿಣ ಷರತ್ತಿಗೆ ಒಪ್ಪಿದರೆ ಅವನು ಬಲಾತ್ಕಾರಕ್ಕೂ ಅನ್ಯಾಯಕ್ಕೂ ಬಲಿಯಾಗಿದ್ದಾನೆ ಎಂದು ಅದರಲ್ಲಿದೆ. ಮಾಲೀಕರ ಜೊತೆ ಗುತ್ತಿಗೆದಾರರ ಮಾತೂ ಅಲ್ಲಿ ಬರುತ್ತದೆ. ಯುರೋಪಿನ ಗಿರಣಿಗಳ ಕಾಲದ ಮಾತು ಅದು. ನಾನು ಓದುವಾಗ ನಮ್ಮ ಮುಕಾದಮರೇ ಕಣ್ಣ ಮುಂದೆ ಬರುತ್ತಾರೆ. 'ಅವರೇ ಒಪ್ಪಿ ಬಂದಾರ' ಅಂತ ಹೇಳಿ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಈಗ ಕೆಲಸಕ್ಕೆ ಬರೋಣ. ಹಗಲು ಹೋದರೆ ಗುಡಿಸಲಿನಲ್ಲಿ ಮುದುಕರು, ಮಕ್ಕಳು ಮಾತ್ರ ಸಿಗುತ್ತಾರೆ. ದೊಡ್ಡವರು ಬೆಳಕು ಹರಿಯುವ ಮೊದಲೇ ಫಡಕ್ಕೆ (ಕಬ್ಬು ಕಡಿಯುವ ಹೊಲಕ್ಕೆ) ಹೋಗಿರುತ್ತಾರೆ. ಸಂಜೆ, ಗಾಡಿ ತುಂಬಿ ಕಳಿಸಿದ ಮೇಲೆ ಹೋಗಿ. ಬೀಡ್ ಕಡೆಯವರ ಜೊತೆ ಮರಾಠಿ ಬಲ್ಲವರು ಮಾತಾಡಲಿ. ನಮ್ಮ ಗಡಿ ಭಾಗದ ಧರ್ಮಕೇಂದ್ರಗಳಲ್ಲಿ ಮರಾಠಿ, ಕೊಂಕಣಿ ಬಲ್ಲವರಿಗೆ ಬರವಿಲ್ಲ. ಹೆಣ್ಣುಮಕ್ಕಳ ಜೊತೆ ಹೆಣ್ಣುಮಕ್ಕಳೇ ಕೂತು ಮಾತಾಡಿ. ಸ್ನಾನಕ್ಕೆ ಮರೆ ಇದೆಯಾ, ಕುಡಿಯುವ ನೀರು ಎಲ್ಲಿಂದ ತರುತ್ತಾರೆ, ರಾತ್ರಿ ಬಯಲಿಗೆ ಹೋಗಲು ಭಯವಾ, ಇಂಥದ್ದನ್ನು ಗಂಡಸರ ಮುಂದೆ ಅವರು ಹೇಳುವುದಿಲ್ಲ. ನಾಲ್ಕು ಬಿದಿರು, ಒಂದು ತಾಡಪತ್ರಿ ಇದ್ದರೆ ಸ್ನಾನದ ಮರೆ ಆಗುತ್ತದೆ. ಕಂಬಳಿಗಿಂತ ಅದಕ್ಕೇ ಹೆಚ್ಚು ಖುಷಿಪಟ್ಟ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ.

ರೇಷನ್ ವಿಷಯ ತಪ್ಪದೇ ಕೇಳಿ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ, ಆಹಾರ ಭದ್ರತಾ ಕಾಯ್ದೆಯ ಕಾರ್ಡ್ ಇದ್ದು ಆಧಾರ್ ಜೋಡಣೆಯಾಗಿದ್ದರೆ, ಮಹಾರಾಷ್ಟ್ರದವರು ನಿಮ್ಮ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳು ಕೊಟ್ಟು ಧಾನ್ಯ ತೆಗೆದುಕೊಳ್ಳಬಹುದು. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಕಾರ್ಡ್ ಊರಲ್ಲಿಟ್ಟು ಬಂದು ಇಲ್ಲಿ ಕಿರಾಣಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಮೊದಲ ಸಲ ನೀವು ಅಂಗಡಿಗೆ ಜೊತೆಗೆ ಹೋಗಿ. ಹೊರಗಿನವರು ಒಬ್ಬರೇ ಹೋದರೆ 'ಸರ್ವರ್ ಇಲ್ಲ, ನಾಳೆ ಬಾ' ಅನ್ನಿಸಿಕೊಂಡು ಬರುವುದೇ ಜಾಸ್ತಿ.

ಮಕ್ಕಳ ವಿಷಯ ಇನ್ನೂ ಮುಖ್ಯ. 6ರಿಂದ 14 ವರ್ಷದ ಯಾವ ಮಗುವನ್ನೂ ವರ್ಗಾವಣೆ ಪತ್ರ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ಶಾಲೆ ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ಶಾಲೆ ದೂರ ಇದ್ದರೆ ಟೆಂಟ್ ಶಾಲೆ ಬೇಕು ಅಂತ ಕ್ಷೇತ್ರ ಶಿಕ್ಷಣಾಧಿಕಾರಿಗೆ ಮಕ್ಕಳ ಪಟ್ಟಿ ಸಮೇತ ಬರೆಯಿರಿ. ಸಣ್ಣವರನ್ನು ಅಂಗನವಾಡಿಗೆ ಸೇರಿಸಿ. ಬಸುರಿ, ಬಾಣಂತಿಯರ ಹೆಸರು ಆಶಾ ಕಾರ್ಯಕರ್ತೆಗೆ ಕೊಡಿ. ಹತ್ತು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ದಿನವೆಲ್ಲ ಗುಡಿಸಲು ಕಾಯುತ್ತಾಳೆ. ಅಂಗನವಾಡಿ ತಮ್ಮನನ್ನು ತೆಗೆದುಕೊಂಡರೆ ಆಗ ಅವಳು ಶಾಲೆಗೆ ಹೋಗಬಹುದು. ಹಾಗಾಗಿ ಮೊದಲು ತಮ್ಮನದು ನೋಡಿ.

ಮುಂಗಡದ ಹೆಸರಲ್ಲಿ ಯಾರನ್ನಾದರೂ ಊರಿಗೆ ಹೋಗಲು ಬಿಡದೆ ಹಿಡಿದಿಟ್ಟಿದ್ದರೆ ಅದು ಜೀತ. 1976ರ ಕಾಯ್ದೆ ಅದನ್ನು ರದ್ದು ಮಾಡಿದೆ. ಆಗ ನೀವೇ ಮುಕಾದಮನ ಜೊತೆ ಜಗಳಕ್ಕೆ ನಿಲ್ಲಬೇಡಿ, ಪೆಟ್ಟು ಬೀಳುವುದು ಆ ಕುಟುಂಬಕ್ಕೆ. ಉಪವಿಭಾಗಾಧಿಕಾರಿಗೆ ತಿಳಿಸಿ. ಮಕ್ಕಳನ್ನು ದುಡಿಸುತ್ತಿದ್ದರೆ 1098ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ನಿಮ್ಮ ಧರ್ಮಕೇಂದ್ರದಲ್ಲಿ ಕಬ್ಬು ಬೆಳೆಯುವವರೂ ಇದ್ದಾರು. ಗುಡಿಸಲು ಇರುವುದು ಅವರದೇ ಹೊಲದ ಬದಿಗೆ ಇರಬಹುದು. ಅವರನ್ನೂ ಈ ಕೆಲಸಕ್ಕೆ ಕರೆಯಿರಿ, ದೂರ ಇಡಬೇಡಿ. ಅವರ ಬಾವಿಯಿಂದ ಒಂದು ನಲ್ಲಿ ಬಿಟ್ಟರೆ ಹತ್ತು ಮನೆಗೆ ನೀರಾಯಿತು. ಬೆಳೆಗಾರರಿಗೂ ಅವರ ಗೋಳಿದೆ. ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಬಾಕಿಗಾಗಿ ಅವರು ಹೋರಾಡುವಾಗಲೂ ಧರ್ಮಕೇಂದ್ರ ಜೊತೆಗಿರಬೇಕು. ಕಡಿಯುವವರ ಪಕ್ಷ, ಬೆಳೆಯುವವರ ಪಕ್ಷ ಅಂತ ಬೇರೆ ಬೇರೆ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸೇವೆ, ನ್ಯಾಯ ಅಂತ ಎಲ್ಲ ಬರೆಯುತ್ತೀರಿ. ನಮ್ಮ ಗುರುನಿವಾಸದಲ್ಲಿ (ಫಾದರ್ ಇರುವ ಮನೆಯಲ್ಲಿ) ಅಡುಗೆ ಮಾಡುವ ಅಕ್ಕನಿಗೆ ವರ್ಷಗಳಿಂದ ಸಂಬಳ ಏರಿಸಿಲ್ಲ. ವಾರದ ರಜೆಯೂ ಇಲ್ಲ. ಕೇಳಿದರೆ 'ಇದು ದೇವರ ಸೇವೆ' ಅನ್ನುತ್ತಾರೆ. ಇದಕ್ಕೇನು ಹೇಳುತ್ತೀರಿ?
— ಹೆಸರು ಬೇಡ, ಬೆಳಗಾವಿ ಜಿಲ್ಲೆ

ಉತ್ತರ: ಈ ಪತ್ರ ಬರೆದಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಇದು ಅನ್ಯಾಯ. ದೇವರ ಸೇವೆ ಅಂತ ಹೆಸರಿಟ್ಟರೂ ಅನ್ಯಾಯವೇ.

1971ರಲ್ಲಿ ರೋಮ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಿನೋಡ್ (ಬಿಷಪ್‌ಗಳ ಸಭೆ) ಇದನ್ನೇ ಹೇಳಿತು. ಜನರಿಗೆ ನ್ಯಾಯದ ಮಾತು ಹೇಳಲು ಹೊರಟವರು ಮೊದಲು ಜನರ ಕಣ್ಣಲ್ಲಿ ನ್ಯಾಯವಂತರಾಗಿರಬೇಕು. ಧರ್ಮಸಭೆಗಾಗಿ ದುಡಿಯುವವರಿಗೆ ಬದುಕಿಗೆ ಸಾಕಾಗುವಷ್ಟು ಸಂಬಳ, ಭದ್ರತೆ ಸಿಗಬೇಕು. ಇನ್ನು ನಿಯಮ ಬೇಕೆಂದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 1286ನೇ ಕಲಂ ತೆಗೆದು ನೋಡಿ. ಆಸ್ತಿ ನಿರ್ವಹಿಸುವವರು ಕೆಲಸಗಾರರ ವಿಷಯದಲ್ಲಿ ದೇಶದ ಕಾರ್ಮಿಕ ಕಾನೂನನ್ನು ಪಾಲಿಸಬೇಕು, ಅವರೂ ಅವರ ಮನೆಯವರೂ ಬದುಕುವಂಥ ನ್ಯಾಯವಾದ ಸಂಬಳ ಕೊಡಬೇಕು ಅಂತ ಅಲ್ಲಿದೆ. 537ನೇ ಕಲಂ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು. ಆ ಸಮಿತಿಯ ಸಭೆಯಲ್ಲಿ ವಿಷಯ ಇಡಿ. ಅಡುಗೆಯವರ ಜೊತೆ ಕಸ ಗುಡಿಸುವವರು, ಸ್ಮಶಾನ ನೋಡಿಕೊಳ್ಳುವವರು, ಕಾವಲುಗಾರರು ಎಲ್ಲರ ಸಂಬಳ ಒಂದು ಹಾಳೆಯಲ್ಲಿ ಬರೆದು, ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಪಟ್ಟಿ ಪಕ್ಕದಲ್ಲಿಡಿ. ಫಾದರ್ ಜೊತೆ ಮೊದಲು ಗೌರವದಿಂದ, ಒಬ್ಬಿಬ್ಬರೇ ಕೂತು ಮಾತಾಡಿ. ಎಷ್ಟೋ ಸಲ ಹೊಸದಾಗಿ ಬಂದ ಗುರುಗಳಿಗೆ ಹಳೆಯ ಲೆಕ್ಕ ಗೊತ್ತಿರುವುದಿಲ್ಲ. ಆ ಅಕ್ಕನ ಹೆಸರು ಹೇಳಿ ಅವಳ ಕೆಲಸಕ್ಕೆ ಕುತ್ತು ತರಬೇಡಿ, ಎಲ್ಲರ ಸಂಬಳದ ವಿಷಯವಾಗಿಯೇ ಎತ್ತಿ.

ಹಾಗೆಯೇ ಸಮಿತಿಯ ಸದಸ್ಯರೆಲ್ಲ ತಮ್ಮ ತಮ್ಮ ಮನೆಯ ಕೆಲಸದವರ ಸಂಬಳವನ್ನೂ ನೋಡಿಕೊಳ್ಳಲಿ. ಕರ್ನಾಟಕದಲ್ಲಿ ಮನೆಗೆಲಸ 2004ರಿಂದಲೇ ಕನಿಷ್ಠ ವೇತನದ ಪಟ್ಟಿಗೆ ಸೇರಿದೆ. ಭಾನುವಾರ ಪೂಜೆಗೆ ಹೋಗುವ ಮನೆಯಲ್ಲಿ ಪಾತ್ರೆ ತಿಕ್ಕುವವಳಿಗೆ ಭಾನುವಾರದ ರಜೆ ಇರಬೇಕಲ್ವಾ?

ಪ್ರಶ್ನೆ: ಹಕ್ಕು, ಅರ್ಜಿ, ಕೂಲಿ ಇದೆಲ್ಲ ರಾಜಕೀಯ. ಚರ್ಚ್ ಪ್ರಾರ್ಥನೆ ನೋಡಿಕೊಂಡರೆ ಸಾಕು.
— ಹಿರಿಯ ಓದುಗರು, ಗೋಕಾಕ

ಉತ್ತರ: ಪಕ್ಷ ರಾಜಕೀಯ ಬೇಡ ಅನ್ನುವುದಾದರೆ ನಾನು ನಿಮ್ಮ ಜೊತೆ ಇದ್ದೇನೆ. ಬಲಿಪೀಠದಿಂದ ಮತ ಕೇಳಬಾರದು, ಕಿಟ್ ಮೇಲೆ ಅಭ್ಯರ್ಥಿಯ ಫೋಟೊ ಇರಬಾರದು. ಆದರೆ ಸರ್ಕಾರದ ಜಾಗವನ್ನು ಧರ್ಮಸಭೆ ತೆಗೆದುಕೊಳ್ಳಬಾರದು, ಹಾಗಂತ ನ್ಯಾಯದ ಹೋರಾಟದಲ್ಲಿ ಬದಿಗೆ ನಿಂತು ನೋಡುತ್ತಲೂ ಇರಬಾರದು ಅಂತ ಮೇಲೆ ಹೇಳಿದ ಬೆನೆಡಿಕ್ಟರ ಪತ್ರದಲ್ಲೇ ಇದೆ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯವನ್ನು ನೀವು ನನಗಿಂತ ಹೆಚ್ಚು ಸಲ ಓದಿರುತ್ತೀರಿ. ಅಲ್ಲಿ ಯೇಸುಸ್ವಾಮಿ ಕೇಳುವ ಲೆಕ್ಕ ಹಸಿವಿನದು, ನೀರಿನದು, ಬಟ್ಟೆಯದು, ಜೈಲಿನಲ್ಲಿರುವವರದು. ನಿಮ್ಮ ಪ್ರಾರ್ಥನೆ ನಮಗೆ ಬೇಕು. ಸೇವಾ ಸಮಿತಿ ಯಾರ ಮನೆಗೆ ಹೋಗುತ್ತಿದೆಯೋ ಅವರಿಗಾಗಿ ಪ್ರತಿದಿನ ಪ್ರಾರ್ಥಿಸಿ. ಒಂದು ದಿನ ನಮ್ಮ ಜೊತೆಗೂ ಬನ್ನಿ.

ಪ್ರಶ್ನೆ: ಅಕ್ಕಾ, ನಾನು ಬಿ.ಕಾಂ. ಓದುತ್ತಿದ್ದೇನೆ. ನಮ್ಮಲ್ಲಿ ಕಥೋಲಿಕ ಮನೆಗಳು ಬಹಳ ಕಡಿಮೆ, ದೊಡ್ಡ ಕಾಣಿಕೆ ಬರುವುದಿಲ್ಲ. ಮೂರ್ನಾಲ್ಕು ಜನ ಗೆಳತಿಯರಿದ್ದೇವೆ. ದುಡ್ಡಿಲ್ಲದೆ ಏನು ಶುರು ಮಾಡಬಹುದು?
— ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ತಂಗಿ, ಫ್ರೆಡೆರಿಕ್ ಓಜನಾಂ ಅನ್ನುವವರು 1833ರಲ್ಲಿ ಪ್ಯಾರಿಸ್‌ನಲ್ಲಿ ಸಂತ ವಿನ್ಸೆಂಟ್ ದಿ ಪೌಲರ ಹೆಸರಿನ ಸಭೆ ಶುರು ಮಾಡಿದಾಗ ಅವರಿಗೆ 20 ವರ್ಷ, ನಿನ್ನ ಹಾಗೇ ವಿದ್ಯಾರ್ಥಿ. ಕೆಲವೇ ಗೆಳೆಯರು ಸೇರಿ ಬಡವರ ಮನೆಗೆ ಹೋಗತೊಡಗಿದರು. ಆ ಸಭೆ ಇಂದು ಎಷ್ಟೋ ದೇಶಗಳಲ್ಲಿದೆ. ನೀವು ಮೂರ್ನಾಲ್ಕು ಜನ ಸಾಕು.

ನಿಮ್ಮ ಹತ್ತಿರ ಓದು ಇದೆ, ಫೋನ್ ಇದೆ. ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಒಂದು ಮೇಜು ಹಾಕಿ. ಅರ್ಜಿ ತುಂಬಿಕೊಡುತ್ತೇವೆ ಅಂತ ಹೇಳಿ. ಎಲ್ಲ ಧರ್ಮದವರಿಗೂ, ಸುತ್ತಲಿನ ಓಣಿಗಳಿಗೂ ತಿಳಿಸಿ. ನಿಮ್ಮಲ್ಲಿಗೆ ಯಾರು ಬರುತ್ತಾರೆ ಅಂತ ಊಹಿಸಬಲ್ಲೆ. ಇಳಕಲ್, ಗುಳೇದಗುಡ್ಡದ ಕಡೆಯ ನೇಕಾರರು, ಗಾರೆ ಕೆಲಸದವರು, ಗೋವಾಕ್ಕೆ ದುಡಿಯಲು ಹೋದವರ ವಯಸ್ಸಾದ ತಂದೆ ತಾಯಿ. ಗಾರೆ ಕೆಲಸದವರು 18ರಿಂದ 60 ವರ್ಷದೊಳಗಿದ್ದು, ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅವರ ಮಕ್ಕಳ ಓದಿಗೂ ಅಲ್ಲಿಂದ ಸಹಾಯವಿದೆ. ಪಿಂಚಣಿಗೆ ನಾಡಕಚೇರಿ. ಅಲ್ಲಿ ಅರ್ಜಿ ಕೊಟ್ಟರೆ 'ಸಕಾಲ' ಯೋಜನೆಯ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ, ಬಿಡಬೇಡಿ. ಗೊತ್ತುಪಡಿಸಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ ಕೇಳಬಹುದು. ಆ ಹಣಕ್ಕಿಂತ ಸಂಖ್ಯೆಯೇ ದೊಡ್ಡದು. ಸಂಖ್ಯೆ ಇದ್ದರೆ 'ನಿಮ್ಮ ಅರ್ಜಿ ಬಂದೇ ಇಲ್ಲ' ಅಂತ ಯಾರೂ ಹೇಳಲಾಗುವುದಿಲ್ಲ. ಮೇಜಿನ ಆ ಕಡೆ ವರ್ಷಗಟ್ಟಲೆ ಕೂತವಳು ಹೇಳುತ್ತಿದ್ದೇನೆ, ನಂಬು.

ಕೆಲವು ಎಚ್ಚರಿಕೆ. ಯಾರಿಂದಲೂ ಒಂದು ರೂಪಾಯಿ ತೆಗೆದುಕೊಳ್ಳಬೇಡಿ, ಚಹಾ ಕೂಡ ಬೇಡ. ಆಧಾರ್ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ, ಕೆಲಸವಾದ ಕೂಡಲೇ ಫೋನ್‌ನಿಂದಲೂ ಅಳಿಸಿ. ಒಟಿಪಿಯನ್ನು ಅವರೇ ಹಾಕಲಿ. ಒಂದು ನೋಟ್‌ಬುಕ್‌ನಲ್ಲಿ ಹೆಸರು, ಕೆಲಸ, ಸಂಖ್ಯೆ, ಮುಂದಿನ ತಾರೀಖು ಬರೆದಿಡಿ. ನಾಡಕಚೇರಿಗೆ ಮೊದಲ ಸಲ ನೀವು ಜೊತೆಗೆ ಹೋಗಿ. ಎರಡನೇ ಸಲ ಅವರು ಮುಂದೆ ನಿಂತು ಮಾತಾಡಲಿ, ನೀವು ಹಿಂದೆ ನಿಲ್ಲಿ. ಮೂರನೇ ಸಲ ಅವರೇ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಲಿ.

ಗಂಡನ ಹೊಡೆತ, ಆಸ್ತಿ ಜಗಳ, ಕೊಡದ ಕೂಲಿ ಇಂಥವು ನಿಮ್ಮ ಮೇಜಿಗೆ ಬಂದರೆ ನೀವೇ ಪಂಚಾಯ್ತಿ ಮಾಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ. ಫೋನ್ 15100. ಆ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಮೇಜಿಗೆ ಅಂಟಿಸಿ.